ಕೆಲಸ ಮಾಡದ ಬಟನ್

ಮುಂಬೈನ ಸಯನ್‌ನಲ್ಲಿರುವ ಶೀತಲ್‌ಗೆ ಅದೇ ಊರಿನ ಮಲಾಡ್‌ನ ಆಫೀಸೊಂದರಲ್ಲಿ ಕೆಲಸ. ಆಂಬುಲೆನ್ಸ್ ಕಂಪನಿಯ ವೆಬ್‌ಸೈಟಿಗೆ ಬಂದವರು ಏನು ನೋಡಿದರು, ಎಲ್ಲಿ ಒತ್ತಿದರು ಎಂಬುದನ್ನು ಪರದೆಯ ಮೇಲೆ ಗಮನಿಸಬೇಕು. ಯಾವ ಬಗೆಯ ಫೋನಿನಿಂದ ಬಂದರೆಂಬುದು ಕಾಣುತ್ತದೆ; ಬಂದವರ ಹೆಸರಾಗಲಿ ನಂಬರಾಗಲಿ ಅವಳಿಗೆ ಕಾಣುವುದಿಲ್ಲ.

ಆ ಬೆಳಿಗ್ಗೆ ಯಾರೋ ಹಳೇ ಫೋನಿನಿಂದ ‘ಗಾಡಿ ಕಳಿಸಿ’ ಎಂಬ ಬಟನ್ ಒತ್ತುತ್ತಲೇ ಇದ್ದರು. ಏನೂ ಆಗಲಿಲ್ಲ. ಕೊನೆಗೆ ಪೇಜ್ ಮುಚ್ಚಿಬಿಟ್ಟರು. ಶೀತಲ್ ಎದ್ದು ಮ್ಯಾನೇಜರ್ ಬಳಿಗೆ ಓಡಿದಳು.

“ಸರ್, ಹಳೇ ಫೋನಿನ್ಯಾಗ ಬಟನ್ ಕೆಲಸಾನ ಮಾಡವಲ್ದು.”

“ಅರೇ, ಹಳೇ ಫೋನಿನವ್ರು ಎಷ್ಟ್ ಮಂದಿ ಇರ್ತಾರ? ಮಂಡೇ ನೋಡೋಣು,” ಎಂದರು ಮ್ಯಾನೇಜರ್ ಕಾಶಿನಾಥ.

“ಅಲ್ಲೀತನಕಾ ಯಾರರ ಸತ್ರ?”

ಕಾಶಿನಾಥ ಫೋನೆತ್ತಿಕೊಂಡು ವೆಬ್‌ಸೈಟ್ ಮಾಡಿದವರನ್ನು ಕರೆದರು. ಮಧ್ಯಾಹ್ನದೊಳಗೆ ಬಟನ್ ಸರಿಹೋಯಿತು. ಹಳೇ ಫೋನಿನಿಂದ ಬಂದ ಇನ್ನೊಬ್ಬರಿಗೆ ಗಾಡಿ ಸಿಕ್ಕಿತು. ಆದರೆ ಮೊದಲಿನವರಿಗೆ ಏನಾಯಿತೆಂದು ತಿಳಿಯುವ ದಾರಿಯೇ ಇರಲಿಲ್ಲ. ಲೋಕಲ್ ರೈಲಿನಲ್ಲಿ ಮನೆಗೆ ಹೋಗುವಾಗಲೂ ಶೀತಲ್‌ಗೆ ಅದೇ ಯೋಚನೆ.