ಮೂರನೆಯ ಚೀಲದ ಪಾಚಿ

ಆಮ್ಸ್ಟೆಲ್‌ವೀನ್‌ನ ನಮ್ಮ ಮನೆಯಿಂದ ಬೆಳಿಗ್ಗೆ ಒಂಬತ್ತು ದಾಟಿದ ಮೇಲೆ ಹೊರಟೆವು. ಆಮೇಲೆ ರೈಲಿನ ಟಿಕೆಟ್ ಅಗ್ಗ. ನನ್ನ ತಮ್ಮ ವಿನಾಯಕ ಉತ್ತರ ಧ್ರುವದ ಕಡೆಯ ದ್ವೀಪವೊಂದರಿಂದ ಹಿಂದಿನ ಸಂಜೆಯಷ್ಟೇ ನಮ್ಮ ಮನೆಗೆ ಬಂದಿದ್ದ. ಅಲ್ಲಿನ ಪಾಚಿಯೊಳಗೆ ಬದುಕುವ ನುಸಿಗಳನ್ನು ಹುಡುಕಿ, ಜಾತಿ ವಿಂಗಡಿಸಿ, ಹೊಸದಾದರೆ ಹೆಸರಿಡುವುದು ಅವನ ಕೆಲಸ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅವನು ಕೆಲಸ ಮಾಡುವ ಊರು ಗ್ರೋನಿಂಗನ್ ನೋಡುವ ಆಸೆಯಿಂದ ಜೊತೆಗೆ ಹೊರಟಿದ್ದೆ.

ಟ್ರಾಮ್ ಇಳಿದು ರೈಲು ಹತ್ತಿದೆವು. ಎರಡು ತಾಸಿನ ದಾರಿ. ಹೊರಗೆ ಗಾಳಿಗೆ ಮಳೆ ಅಡ್ಡಡ್ಡ ಬೀಳುತ್ತಿತ್ತು. ಅವನು ತಂದ ಮೂರು ಚೀಲ ಪಾಚಿಯಿದ್ದ ತಂಪುಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು.

"ಇದನ್ನ ಜರಡಿ ಮ್ಯಾಲೆ ಹಾಕಿ ದೀಪ ಹಚ್ತೇವಿ. ಬಿಸಿ ತಾಳಲಾರದ ನುಸಿ ಕೆಳಗಿಳಿದು ಬಾಟ್ಲಿಗೆ ಬೀಳ್ತಾವ," ಎಂದ.

"ಸತ್ತಿದ್ರ?"

"ಸತ್ತದ್ದು ಹೆಂಗ ನಡೀತದ, ಅಕ್ಕಾ?"

ಪೆಟ್ಟಿಗೆ ತೆರೆಯಬೇಡ ಎಂದು ಅವನು ಹೇಳಿದ್ದ. ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ, ಪೆಟ್ಟಿಗೆಯ ದಪ್ಪ ಗೋಡೆಯೊಳಗೆ ಬಿಸಿ ಆರುವುದಿಲ್ಲವೆಂದು, ಎಣ್ಣೆಗಾಯಿಯ ಸ್ಟೀಲ್ ಡಬ್ಬಿಯನ್ನು ಮೇಲಿನ ಚೀಲದ ಮೇಲೇ ಕೂರಿಸಿದ್ದೆ. ಈಗ ರೈಲಿನಲ್ಲಿ ಅವನು ಶೌಚಾಲಯಕ್ಕೆ ಎದ್ದೊಡನೆ ಡಬ್ಬಿ ತೆಗೆದು ನನ್ನ ಬ್ಯಾಗಿಗೆ ಹಾಕಿಕೊಂಡೆ.

ಎರಡು ದಿನ ಅವನ ಕೋಣೆಯಲ್ಲಿದ್ದೆ. ಊರು ಚಂದವಿತ್ತು, ನನಗೆ ಅದರ ಕಾಲುವೆಯೂ ಸರಿಯಾಗಿ ಕಾಣಲಿಲ್ಲ. ಎರಡನೆಯ ಮಧ್ಯಾಹ್ನ ಪ್ರಯೋಗಾಲಯಕ್ಕೆ ಕರೆದೊಯ್ದ. ಎರಡು ಬಾಟಲಿಗಳ ತಳದಲ್ಲಿ ಕಂದು ಚುಕ್ಕೆಗಳಿದ್ದವು. ಮೂರನೆಯದು ತಿಳಿಯಾಗಿತ್ತು.

"ಇದು ಮ್ಯಾಲಿದ್ದ ಚೀಲದ್ದು. ಅದನ್ನ ತಂದ ಇಳಿಜಾರು ಈಗೀಗ ಹಿಮದಿಂದ ಹೊರಗ ಬಂದದ. ನುಸಿ ಇನ್ನೂ ಮುಟ್ಟಿಲ್ಲ. ಇದೂ ಒಂದು ಶೋಧ," ಎಂದು ಖುಷಿಯಿಂದ ಪುಸ್ತಕದಲ್ಲಿ ಸೊನ್ನೆ ಬರೆದ.

ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಆ ಸೊನ್ನೆಯನ್ನು ಅವನು ಲೋಕಕ್ಕೆಲ್ಲ ಹೇಳುವವನಿದ್ದ.

"ಇದ್ದುವೋ ಇಲ್ಲೋ ಗೊತ್ತಿಲ್ಲ, ವಿನೂ. ಇದ್ದಿದ್ರ ನಾನಽ ಕೊಂದೀನಿ," ಎಂದು ಎಲ್ಲ ಹೇಳಿದೆ.

ಅವನ ಮುಖ ಬಿಳಿಚಿಕೊಂಡಿತು. "ನಾ ಆ ಎಣ್ಣೆಗಾಯಿ ಎರಡೆರಡು ಸಲ ಹಾಕಿಸ್ಕೊಂಡು ತಿಂದೆ," ಎಂದ. ಆಮೇಲೆ, "ಎಷ್ಟೊತ್ತು ಇತ್ತು?"

"ಒಂದು ತಾಸಿನ ಮ್ಯಾಲೆ."

"ಎಷ್ಟು ಬಿಸಿ?"

"ಕೈ ಸುಡೂವಷ್ಟು."

ಸೊನ್ನೆಯನ್ನು ಹೊಡೆದುಹಾಕಿ, ನಾನು ಹೇಳಿದ್ದನ್ನು ಬರೆದುಕೊಂಡ. ಆ ಇಳಿಜಾರಿಗೆ ದೋಣಿ ಹೋಗುವುದು ಇನ್ನು ಮುಂದಿನ ಬೇಸಿಗೆಗೇ.

ಸಂಜೆ ನನ್ನನ್ನು ಕಳಿಸಲು ಸ್ಟೇಶನ್ನಿಗೆ ಬಂದ, ಪುಸ್ತಕ ಕೈಯಲ್ಲೇ ಇತ್ತು. ನಾನು ರೈಲು ಹತ್ತಿ ಬಾಗಿಲಲ್ಲೇ ನಿಂತೆ.

"ಡಬ್ಬಿ ಇಟ್ಟಾಗ ಚೀಲದ ಬಾಯಿ ಕಟ್ಟಿತ್ತೇನು, ಅಕ್ಕಾ? ಬಿಚ್ಚಿದ್ರ ನುಸಿ ಹೊರಗ ಹೋಗಿರ್ತಾವ," ಎಂದು ಕೇಳಿದ. ಎಲ್ಲ ಹೇಳಿದ ಮೇಲೆ ಅಕ್ಕಾ ಎಂದದ್ದು ಅದೇ ಮೊದಲು.

"ಕಟ್ಟಿತ್ತು."

ಬಾಗಿಲು ಮುಚ್ಚಿತು. ಗಾಜಿನಾಚೆ ಅವನು ಪುಸ್ತಕ ತೆರೆದು ಅದನ್ನೂ ಬರೆದುಕೊಳ್ಳುತ್ತಿದ್ದ.