ಪರಮೇಶ್ವರಪ್ಪನವರ ಚಪ್ಪಾಳೆ

ವಿನೋಬನಗರದಲ್ಲಿ ನಮ್ಮ ಪಕ್ಕದ ಮನೆಯ ಪರಮೇಶ್ವರಪ್ಪನವರು ಶುದ್ಧ ಜಂಬದ ಮನುಷ್ಯ. ಭದ್ರಾವತಿಯ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅವರು ಯೌವನದಲ್ಲಿ ತರಬೇತಿಗೆಂದು ಇಂಗ್ಲೆಂಡಿಗೆ ಹೋದಾಗ ಅಲ್ಲಿನ ಜಾಝ್ ಬಿಗ್ ಬ್ಯಾಂಡೊಂದರ ಕಛೇರಿ ಕೇಳಿದ್ದರು. ಅದು ಸಭಾಂಗಣದಲ್ಲೇ ರೆಕಾರ್ಡ್ ಆಗಿ ಎಲ್‌ಪಿ ತಟ್ಟೆಯಾಗಿ ಬಂತು. ಅಂದಿನಿಂದ ಅವರ ಮನೆಗೆ ಹೋದವರಿಗೆ ಕಾಫಿಗಿಂತ ಮೊದಲು ಕಹಳೆ. ಸ್ಯಾಕ್ಸೊಫೋನಿನವರೂ ಟ್ರಂಪೆಟ್ಟಿನವರೂ ಜೀವ ಬಿಟ್ಟು ಊದುವಾಗ ಇವರು ನಮ್ಮೊಡನೆ ಅಡಿಕೆ ಧಾರಣೆ ಮಾತಾಡುತ್ತಾರೆ. ಬ್ಯಾಂಡಿನವರು ನಿಲ್ಲಿಸಿದೊಡನೆ ಇವರು ಕೈಯೆತ್ತಿ ಎಲ್ಲರ ಬಾಯಿ ಮುಚ್ಚಿಸುತ್ತಾರೆ. "ಈಗ ಕೇಳಿ! ಎಲ್ಲರಿಗಿಂತ ಮುಂಚೆ ಒಂದು ಚಪ್ಪಾಳೆ ಬಿತ್ತಲ್ಲ, ಅದು ನಂದು." ಕೇಳಿಸಲಿಲ್ಲ ಎಂದವರಿಗೆ ಮುಳ್ಳನ್ನು ಹಿಂದಕ್ಕಿಟ್ಟು ಮತ್ತೆ ಕೇಳಿಸುತ್ತಾರೆ. ಗ್ಯಾಸ್ ಸಿಲಿಂಡರ್ ತಂದವನೂ ತಪ್ಪಿಸಿಕೊಂಡಿಲ್ಲ. "ಅಷ್ಟು ಜನ ಊದಿದ್ದು ನಿಮ್ಮ ಚಪ್ಪಾಳೆಗೆ ಪೀಠಿಕೆಯೇನ್ರೀ?" ಎಂದು ನಾನು ಕೇಳಿದರೆ, "ನಿಮಗೆ ಸಂಗೀತ ತಲೆಗೆ ಹತ್ತಲ್ಲ ಬಿಡಿ ಮೇಡಂ" ಎನ್ನುತ್ತಾರೆ. ಹೋದ ತಿಂಗಳು ಅವರೊಡನೆ ಭದ್ರಾವತಿಗೆ, ವಿಜಯಕುಮಾರರನ್ನು ನೋಡಲು ಹೋಗಿದ್ದೆ. ಇವರ ಜೊತೆಗೇ ತರಬೇತಿಗೆ ಹೋಗಿ, ಅಂದಿನ ಸಂಗೀತ ಕಛೇರಿಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಗೆಳೆಯ. ಈಗ ಮರೆವಿನ ಕಾಯಿಲೆಯಿಂದ ಹೆಂಡತಿಯ ಗುರುತೂ ಸಿಗುವುದಿಲ್ಲ. ಇವರನ್ನಂತೂ ಎಲೆಕ್ಟ್ರಿಷಿಯನ್ ಎಂದುಕೊಂಡು ಫ್ಯಾನ್ ತೋರಿಸಿದರು. ಪರಮೇಶ್ವರಪ್ಪನವರು ಮೊಬೈಲಿನಲ್ಲಿ ಅದೇ ರೆಕಾರ್ಡಿಂಗ್ ಹಾಕಿದರು. ವಿಜಯಕುಮಾರರು ಗೋಡೆ ನೋಡುತ್ತಲೇ ಕೇಳಿಸಿಕೊಂಡರು. ಬ್ಯಾಂಡು ನಿಂತು ಮೊದಲ ಚಪ್ಪಾಳೆ ಬಿದ್ದಾಗ ತಿರುಗಿ, "ಯಾರಪ್ಪಾ ಅದು?" ಎಂದರು. ಎಂದಿನ ಉತ್ತರಕ್ಕೆ ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಪರಮೇಶ್ವರಪ್ಪನವರು ಗೆಳೆಯನ ಎರಡೂ ಕೈ ಹಿಡಿದುಕೊಂಡು, "ನೀನೇ ಕಣೋ ಮಾರಾಯ" ಎಂದರು.