ಚಾತುರ್ಮಾಸದಲ್ಲಿ ಚಾಂದನಿಯ ಕಾಲು

೨೦೨೪ನೆಯ ಇಸವಿ ಆಗಸ್ಟ್ ೨೧, ಬುಧವಾರ, ಶ್ರಾವಣ ಬಹುಳ ಬಿದಿಗೆ. ಮಳೆಗಾಲದ ನಡುಭಾಗ, ಮಹಾರಾಷ್ಟ್ರದ ಗಂಗಾಪುರದಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ, ಗಾಳಿಯ ಸುಳಿವಿಲ್ಲ. ಅಂದು ಅಮಸಿದ್ದನು ತಗಡಿನ ಲಾಯದ ಬಾಗಿಲು ತೆರೆದಾಗ, ಮದುವೆಯ ಮೆರವಣಿಗೆಗಳಲ್ಲಿ ವರನನ್ನು ಹೊರುವ ಅವನ ಬಿಳಿಯ ಹೆಣ್ಣುಕುದುರೆ ಚಾಂದನಿಯ ಹಿಂಗಾಲುಗಳೆರಡೂ ಊದಿ ಕಂಬಗಳಂತಾಗಿದ್ದವು.

ಅಮಸಿದ್ದನು ಬೀದರ ಜಿಲ್ಲೆಯವನು. ೨೦೦೬ರಲ್ಲಿ ನಾಸಿಕದ ಅಂಬಡ್‌ಗೆ ಬಂದು, ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಹತ್ತು ವರ್ಷ ದುಡಿದು, ಆಮೇಲೆ ಕುದುರೆ ಕೊಂಡು ಗಂಗಾಪುರದಲ್ಲಿ ನೆಲೆಸಿದನು. ನಾಸಿಕದಲ್ಲಿ ಅವನು ಎರಡು ವಿದ್ಯೆಗಳನ್ನು ಸಂಪಾದಿಸಿದನು. ಯಂತ್ರವನ್ನು ನಿಲ್ಲಿಸಿದಷ್ಟೂ ಅದು ಬಾಳುತ್ತದೆಂಬುದು ಒಂದು. ರವಿವಾರದ ಮದುವೆಗಳಲ್ಲಿ ವರನ ತಲೆಗೆ ಫೇಟಾ ಸುತ್ತುವುದು ಇನ್ನೊಂದು. ಅವನು ಸುತ್ತಿದ ಫೇಟಾ, ವರನು ಎಷ್ಟು ಕುಣಿದರೂ ಸಡಿಲವಾಗುತ್ತಿರಲಿಲ್ಲ. ಹಣೆಯ ಮೇಲೆ ಉಳಿಯುತ್ತಿದ್ದ ಕೆಂಪು ಗೆರೆಯನ್ನು ಅವನು ತನ್ನ ಸಹಿಯೆಂದೇ ಭಾವಿಸಿದ್ದನು.

ಜುಲೈ ೧೭ರ ಆಷಾಢ ಏಕಾದಶಿಯಂದು ದೇವರು ಮಲಗಿದನು, ಮದುವೆಯ ಮುಹೂರ್ತಗಳು ನಿಂತವು. ಅಮಸಿದ್ದನು ಉದಾರ ಮನಸ್ಸಿನಿಂದ ಚಾಂದನಿಗೂ ರಜೆ ಘೋಷಿಸಿದನು. ಗಿಡ್ಡ ಹಗ್ಗ, ಹೊಟ್ಟೆ ಬಿರಿಯುವಷ್ಟು ಕಡಲೆ, ಮೇಲೆ ಬೆಲ್ಲ. ಬ್ಯಾಂಡಿಲ್ಲದೆ, ಜರಿಯ ಹೊದಿಕೆಯಿಲ್ಲದೆ ಮದುವೆಯ ಕುದುರೆ ಬೀದಿಗಿಳಿದರೆ ಅದರ ಮರ್ಯಾದೆ ಹೋಗುತ್ತದೆಂಬುದು ಅವನ ದೃಢ ನಂಬಿಕೆ. ಆದುದರಿಂದ ಚಾಂದನಿ ಮರ್ಯಾದೆಯಿಂದ ನಿಂತಲ್ಲೇ ನಿಂತಳು.

ತುಳಸಿ ಮದುವೆ ಕಳೆದ ಮೇಲೆ ನವೆಂಬರ್ ೧೭ರಂದು ಪೈಠಣದ ವ್ಯಾಪಾರಿಯೊಬ್ಬರ ಮಗನ ಮದುವೆಗೆ ಅವಳನ್ನು ಮೊದಲೇ ಗೊತ್ತುಮಾಡಿದ್ದರು. ಅಂದು ಅವಳು ಕುಂಟಿದರೆ ವರನು ಕಾರಿನಲ್ಲಿ ಬರುತ್ತಿದ್ದನು. ಮುಂದಿನ ವರರೂ ಅದೇ ದಾರಿ ಹಿಡಿಯುತ್ತಿದ್ದರು. ಮನೆಗೆ ಬೇರೆ ದುಡಿಮೆ ಇರಲಿಲ್ಲ.

ಕಾಲಿನ ಊತಕ್ಕೆ ಅಮಸಿದ್ದನು ಮೊದಲು ಕೊಟ್ಟ ಮದ್ದು ಇನ್ನಷ್ಟು ವಿಶ್ರಾಂತಿ, ಇನ್ನಷ್ಟು ಕಡಲೆ. ಬಾವು ಕೃತಜ್ಞತೆಯಿಂದ ಬೆಳೆಯಿತು. ಆಗಸ್ಟ್ ೨೮ರ ಸಂಜೆ ಅವನು ತನ್ನ ಎರಡನೆಯ ವಿದ್ಯೆಯನ್ನು ಪ್ರಯೋಗಿಸಿದನು: ಎರಡು ಗುಲಾಬಿ ಫೇಟಾಗಳನ್ನು ತಂದು, ಹಲ್ಲುಕಚ್ಚಿ ಎಳೆದು, ಹಿಂಗಾಲುಗಳಿಗೆ ಬಿಗಿದನು. ಬೆಳಗಾಗುವಷ್ಟರಲ್ಲಿ ಬಾವು ಫೇಟಾದ ಮೇಲಕ್ಕೆ ಉಕ್ಕಿತ್ತು. ಬಲಗಾಲು ಸುಡುತ್ತಿತ್ತು, ಚಾಂದನಿ ಅದನ್ನು ನೆಲಕ್ಕೂರಲೊಲ್ಲಳು.

ಹೆಂಡತಿ ಜಯಮಾಲಾ ಅವನನ್ನು ಕೇಳದೆಯೇ ಪಶುವೈದ್ಯೆ ಮಾಲವಿಕಾರನ್ನು ಕರೆತಂದಳು. ಅವರು ಕಲಬುರಗಿಯ ಕಡೆಯವರು.

"ಇದು ಯಾರು ಕಟ್ಟಿದ್ರಿ?"

"ನಾನೇ ಕಟ್ಟೀನ್ರಿ, ಡಾಕ್ಟರಬಾಯಿ. ನಾಸಿಕದಾಗ ಸಾವಿರ ಮಂದಿಗಿ ಕಟ್ಟೀನಿ."

"ಅವರೆಲ್ಲ ಕಾಲಿಗಿ ಕಟ್ಟಿಸ್ಕೊಂಡಿದ್ರೇನು?"

ಫೇಟಾ ಬಿಚ್ಚಿಸಿ, ಜ್ವರ ನೋಡಿ, ಗೊರಸಿನ ಸುತ್ತ ಗಾಯ ಹುಡುಕಿ, ಅವರು ಎಡಗಾಲನ್ನು ಬೆರಳಿನಿಂದ ಒತ್ತಿದರು. ಬೆರಳಿನ ಗುಣಿ ಹಾಗೆಯೇ ಉಳಿಯಿತು.

"ಎರಡೂ ಕಾಲು ಊದಿ, ಬಿಸಿ ಇಲ್ಲ, ಕುಂಟೂದಿಲ್ಲ ಅಂದ್ರ ಅದು ನಿಂತು ನಿಂತು ಬಂದದ್ದು. ಕುದುರಿ ನಡೆದ್ರೇ ಕಾಲಾಗಿನ ನೀರು ಮ್ಯಾಲ ಏರ್ತದ. ಒಂದೇ ಕಾಲು ಸುಟ್ಟು, ಜ್ವರ ಬಂದ್ರ ಅದು ಸೋಂಕು. ಅದೇ ದಿನ ನನ್ನ ಕರೀಬೇಕು. ಇದಕ್ಕ ಜ್ವರಿಲ್ಲ. ಬಲಗಾಲಿಂದು ರೋಗಲ್ಲ, ನಿಮ್ಮ ಕೈಗುಣ."

ಔಷಧ ಕೊಟ್ಟು, ತಣ್ಣೀರು ಹಾಯಿಸಲು, ಕಡಲೆ ಇಳಿಸಲು, ನೋವು ತಗ್ಗಿದೊಡನೆ ಬೆಳಿಗ್ಗೆ ಸಂಜೆ ನಡೆಸಲು ಹೇಳಿದರು. ಮುಂದೆಂದಾದರೂ ಕಟ್ಟುವುದಿದ್ದರೆ ಒಳಗೆ ದಪ್ಪ ಹತ್ತಿ ಇರಬೇಕು, ಪಟ್ಟಿಯಡಿ ಎರಡು ಬೆರಳು ತೂರಬೇಕು.

"ಚಾತುರ್ಮಾಸದಾಗ ಮದಿವಿ ಕುದುರಿ ಬೀದ್ಯಾಗ ಕಂಡ್ರ ಮಂದಿ ಏನಂತಾರ್ರಿ?"

"ನವೆಂಬರದಾಗ ಕುಂಟಿದ್ರ ಏನಂತಾರ, ಅದು ವಿಚಾರ ಮಾಡ್ರಿ."

ಶನಿವಾರಕ್ಕೆ ಬಲಗಾಲು ನೆಲಕ್ಕೂರಿತು. ಬಾವು ಮಾತ್ರ ಇಳಿಯಲಿಲ್ಲ. ಅಮಸಿದ್ದನು ವಿಚಾರ ಮಾಡುತ್ತಲೇ ಇದ್ದನು.

"ನಾಡದು ಪೋಳಾ ಅದ," ಎಂದಳು ಜಯಮಾಲಾ. "ಊರಿನ ಎತ್ತೆಲ್ಲ ಸಿಂಗಾರ ಮಾಡ್ಕೊಂಡು ಹೊಂಡತಾವ, ಹಲಗಿನೂ ಇರ್ತದ. ನಿಮ್ಮ ರಾಣಿಸಾಹೇಬರಿಗಿ ಅಷ್ಟು ಬಾಜಾ ಸಾಲಲ್ಲೇನು?"

"ಎತ್ತಿನ ಸಾಲಿನಾಗ ಮದಿವಿ ಕುದುರಿ?"

"ನೀವೂ ನಡೀರಿ ಸಂಗಾಟ. ಯಾವುದು ಎತ್ತು ಅಂತ ಯಾರಿಗೂ ಫರಕ್ ತಿಳಿಯಲ್ಲ."

ಸೆಪ್ಟೆಂಬರ್ ೨, ಸೋಮವಾರ, ಶ್ರಾವಣ ಅಮಾವಾಸ್ಯೆ, ಎತ್ತುಗಳ ಹಬ್ಬ. ಜೋರು ಮಳೆಯಲ್ಲಿ ಎತ್ತುಗಳ ಕೋಡಿನ ಬಣ್ಣ ಇಳಿದು ಬೀದಿಯೆಲ್ಲ ಕೆಂಪಾಗಿತ್ತು. ಜರಿಯ ಹೊದಿಕೆ ಹೊದ್ದ ಚಾಂದನಿ ಸಾಲಿನ ಕೊನೆಯಲ್ಲಿ ಮೆಲ್ಲನೆ ನಡೆದಳು. ಅಮಸಿದ್ದನು ಛತ್ರಿಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದನು.

"ಕಾಯ ಭಾವು, ನಾಂಗರಾಲಾ ಜುಂಪಣಾರ ಕಾ?" ಎಂದು ರೈತ ದತ್ತು ಮರಾಠಿಯಲ್ಲಿ ಕೂಗಿ, ಇವಳನ್ನು ನೇಗಿಲಿಗೆ ಹೂಡುತ್ತೀಯಾ ಎಂದು ವಿಚಾರಿಸಿಕೊಂಡನು. ಸಾಲೆಲ್ಲ ನಕ್ಕಿತು. ಅಮಸಿದ್ದನು ತಲೆಯೆತ್ತಲಿಲ್ಲ, ಹಾಗಾಗಿ ದಾರಿಯುದ್ದಕ್ಕೂ ಚಾಂದನಿಯ ಕಾಲನ್ನೇ ನೋಡಬೇಕಾಯಿತು. ಮನೆ ಮುಟ್ಟುವಾಗ ಎಡಗಾಲಿನ ನರಗಳು ಮತ್ತೆ ಎದ್ದು ಕಾಣುತ್ತಿದ್ದವು.

ಮರುದಿನದಿಂದ ಅವನು ಅವಳನ್ನು ಹೊದಿಕೆಯಿಲ್ಲದೆಯೇ ನಡೆಸಿದನು. ಈ ಪದ್ಧತಿ ತಾನೇ ಕಂಡುಹಿಡಿದದ್ದೆಂದು ಕೇಳಿದವರಿಗೂ ಕೇಳದವರಿಗೂ ತಿಳಿಸಿದನು.

ಬಲಗಾಲಿನ ಬಾವು ಸೆಪ್ಟೆಂಬರ್ ೧೯ಕ್ಕೆ ಪೂರ್ತಿ ಇಳಿಯಿತು. ಫೇಟಾ ಕಚ್ಚಿದ್ದ ಕಡೆ ಉದುರಿದ ಕೂದಲು ಮತ್ತೆ ಬರಲಿಲ್ಲ. ನವೆಂಬರ್ ೧೭, ರವಿವಾರ, ಚಾಂದನಿ ಪೈಠಣದಲ್ಲಿ ವರನನ್ನು ಕುಂಟದೆ ಹೊತ್ತಳು. ವರನ ಫೇಟಾವನ್ನು ಅಮಸಿದ್ದನು ಎರಡು ಬೆರಳು ತೂರುವಷ್ಟು ಸಡಿಲವಾಗಿ ಸುತ್ತಿದ್ದನು. ಅದು ದಾರಿಯಲ್ಲಿ ಒಮ್ಮೆ ಬಿದ್ದಿತು; ಎತ್ತಿ ಮತ್ತೆ ಇಟ್ಟರು.